ಕೆಲಸ ಬಿಟ್ಟವರ ಬಳಗ, ನಾಲ್ಕು ಪುಟದ ಪತ್ರಿಕೆ

(ನಂದಗುಡಿಯಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಳಗ್ಗೆ ಡೇರಿಗೆ ಹಾಲು ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ಹುಳು ಸಾಕಿರುವವರು ಸೊಪ್ಪು ಹಾಕಿ, ಅಲ್ಲಿಂದ ಬಸ್ಸೋ ಆಟೋನೋ ಹಿಡಿದು ಬಂದು ಕೂತಿದ್ದೀರಿ. ನಿಮ್ಮ ಸಮಯದ ಬೆಲೆ ನಮಗೆ ಗೊತ್ತು. ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇವೆ.

ನಾವು ಹಳೆಯ ಕಾರ್ಯಕರ್ತರು. ಒಂದು ಕಾಲಕ್ಕೆ ನೆರವು ಸಂಸ್ಥೆಗಳಲ್ಲಿ ಕೆಲಸ ಮಾಡಿದವರು. ನಮ್ಮಲ್ಲಿ ಕೆಲವರು ಸಂಘ ಕಟ್ಟುವ ಕೆಲಸ ಮಾಡಿದ್ದಾರೆ, ಕೆಲವರು ಜಲಾನಯನದಲ್ಲಿ ಇದ್ದರು, ಕೆಲವರು ಆರೋಗ್ಯದಲ್ಲಿ. ಲೆಕ್ಕ ಬರೆದವರು ಇದ್ದಾರೆ, ಜೀಪು ಓಡಿಸಿದವರೂ ಇದ್ದಾರೆ. ಈಗ ಯಾರೂ ಆ ಕೆಲಸದಲ್ಲಿ ಇಲ್ಲ. ಕೆಲವರಿಗೆ ವಯಸ್ಸಾಯಿತು, ಕೆಲವರ ಯೋಜನೆ ಮುಗಿಯಿತು, ಕೆಲವರು ಬೇರೆ ಕೆಲಸ ಹಿಡಿದರು. ಆದರೂ ಒಂದು ಬಳಗವಾಗಿ ಉಳಿದಿದ್ದೇವೆ. ಮೂರು ತಿಂಗಳಿಗೊಮ್ಮೆ ನಾಲ್ಕು ಪುಟದ ಪತ್ರಿಕೆ ತರುತ್ತೇವೆ. ಅದನ್ನು ಬರೆಯುವವರಿಗೂ ತಿದ್ದುವವರಿಗೂ ಹಂಚುವವರಿಗೂ ಸಂಬಳ ಇಲ್ಲ.

"ಸಂಬಳ ಇಲ್ದೆ ಇದನ್ನ ಹೆಂಗೆ ನಡೆಸ್ತೀರಿ? ನಮಗೂ ಸ್ವಲ್ಪ ಹೇಳಿಕೊಡಿ" ಅಂತ ನಿಮ್ಮ ಒಕ್ಕೂಟದವರು ಕೇಳಿದರು. ಅದಕ್ಕೇ ಬಂದಿದ್ದೇವೆ. ಇದು ನಿಮಗೇಕೆ ಬೇಕು ಅನ್ನುವುದನ್ನು ಮೊದಲು ಹೇಳಿ, ಆಮೇಲೆ ಹೇಗೆ ನಡೆಸುವುದು ಅನ್ನುವುದಕ್ಕೆ ಬರುತ್ತೇವೆ.

ಕಾರ್ಯಕರ್ತರು ಏಕೆ ಬಿಟ್ಟು ಹೋಗುತ್ತಾರೆ?

ನಿಮ್ಮ ಸಂಘ ಶುರು ಮಾಡಿಸಿದ ಕಾರ್ಯಕರ್ತೆಯನ್ನು ನೆನಪು ಮಾಡಿಕೊಳ್ಳಿ. ಮನೆ ಮನೆಗೆ ಬಂದು, ಅತ್ತೆಯನ್ನು ಒಪ್ಪಿಸಿ, ಗಂಡನ ಬೈಗುಳ ಕೇಳಿಸಿಕೊಂಡು, ಹತ್ತು ಹದಿನೈದು ಜನರನ್ನು ಒಂದು ಚಾಪೆ ಮೇಲೆ ಕೂರಿಸಿದವಳು. ಹೆಬ್ಬೆಟ್ಟು ಒತ್ತುತ್ತಿದ್ದವರ ಕೈಯಲ್ಲಿ ಸಹಿ ಹಾಕಿಸಿದವಳು. ಆಕೆ ಈಗ ಎಲ್ಲಿದ್ದಾರೆ? ಹತ್ತು ಸಂಘದಲ್ಲಿ ಕೇಳಿದರೆ ಎಂಟು ಸಂಘದವರು "ಗೊತ್ತಿಲ್ಲ ಮೇಡಂ, ಆಮೇಲೆ ಬರಲೇ ಇಲ್ಲ" ಅಂತಾರೆ.

ಆಕೆ ನಿಮ್ಮನ್ನು ಮರೆತು ಹೋದದ್ದಲ್ಲ. ನೆರವು ಸಂಸ್ಥೆಗಳ ಕೆಲಸ ನಡೆಯುವುದೇ ಹೀಗೆ. ಒಂದು ಯೋಜನೆಗೆ ಸಾಮಾನ್ಯವಾಗಿ ಮೂರು ವರ್ಷವೋ ಐದು ವರ್ಷವೋ ಹಣ ಬರುತ್ತದೆ. ಅವಧಿ ಮುಗಿದ ಮೇಲೆ ಹಣ ಬೇರೆ ಜಿಲ್ಲೆಗೋ ಬೇರೆ ವಿಷಯಕ್ಕೋ ಹೋಗುತ್ತದೆ. ಕಾರ್ಯಕರ್ತರೂ ಅದರ ಹಿಂದೆ ಹೋಗಬೇಕು, ಇಲ್ಲವೇ ಮನೆಗೆ ಹೋಗಬೇಕು.

ಸರ್ಕಾರದ ಕಾರ್ಯಕ್ರಮಗಳಿಗೂ ಇದೇ ಗತಿ. ಮಹಿಳಾ ಸಮಖ್ಯಾ ಎಂಬ ಕಾರ್ಯಕ್ರಮ ಕರ್ನಾಟಕದಲ್ಲಿ 1989ರಲ್ಲಿ ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಶುರುವಾಯಿತು. ಅದರ ಸಹಯೋಗಿನಿಯರು ಒಬ್ಬೊಬ್ಬರು ಸುಮಾರು ಹತ್ತು ಹಳ್ಳಿ ಸುತ್ತಿ ಸಂಘ ಕಟ್ಟಿದರು. ಕಾಲು ಶತಮಾನ ನಡೆದ ಮೇಲೆ, ಕಳೆದ ದಶಕದ ನಡುವಿನಲ್ಲಿ, ಕೇಂದ್ರ ಸರ್ಕಾರ ಆ ಕಾರ್ಯಕ್ರಮವನ್ನು ಪ್ರತ್ಯೇಕವಾಗಿ ನಡೆಸುವುದನ್ನು ನಿಲ್ಲಿಸಿತು.

ವಿದೇಶಿ ನೆರವಿನ ಕಾನೂನಿಗೆ 2020ರಲ್ಲಿ ತಿದ್ದುಪಡಿ ಬಂತು. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ ಎಂದಾಯಿತು. ಆಡಳಿತ ಖರ್ಚಿನ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆಯ ಮೂಲಕ ಹಣ ಪಡೆಯುತ್ತಿದ್ದ ಸಣ್ಣ ಸಂಸ್ಥೆಗಳಿಗೆ ಆ ದಾರಿ ಮುಚ್ಚಿತು. ದೂರದ ಅಮೆರಿಕದಲ್ಲಿ ಹತ್ತಾರು ದೇಶಗಳಿಗೆ ನೆರವು ಕೊಡುತ್ತಿದ್ದ ಸರ್ಕಾರಿ ಸಂಸ್ಥೆ ಯುಎಸ್ಏಡ್ ಅನ್ನು 2025ರಲ್ಲಿ ಮುಚ್ಚಿದರು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಹಳ್ಳಿಯ ಕಾರ್ಯಕರ್ತೆಗೂ ಅಲ್ಲಿನ ಅಧಿಕಾರಿಗೂ ಒಂದೇ ಪಾಡು. ಹಣ ನಿಂತ ದಿನ ಕೆಲಸ ನಿಲ್ಲುತ್ತದೆ.

ಹೋದವರ ಜೊತೆ ಏನು ಹೋಗುತ್ತದೆ?

ಕಾರ್ಯಕರ್ತೆ ಹೋದಾಗ ಆಕೆಯ ತಲೆಯಲ್ಲಿದ್ದದ್ದೂ ಜೊತೆಗೇ ಹೋಗುತ್ತದೆ. ಯಾವ ಊರಿನಲ್ಲಿ ಯಾವ ಜಗಳ ಹೇಗೆ ಬಗೆಹರಿಯಿತು, ಯಾವ ಬ್ಯಾಂಕಿನವರು ಮೊದಲು ಸಾಲ ಕೊಡಲು ಒಪ್ಪಲಿಲ್ಲ, ಆಮೇಲೆ ಏನು ನೋಡಿ ಒಪ್ಪಿದರು, ಯಾವ ಸಂಘ ಏಕೆ ಒಡೆಯಿತು, ಇದೆಲ್ಲ ಕಚೇರಿಯ ವರದಿಯಲ್ಲಿ ಇರುವುದಿಲ್ಲ. ವರದಿಯಲ್ಲಿ "12 ಸಂಘಗಳು ರಚನೆಯಾದವು" ಅಂತ ಇರುತ್ತದೆ, ಅಷ್ಟೇ.

ಈ ತಿಳುವಳಿಕೆಗೆ ಎಷ್ಟು ಬೆಲೆ ಅಂತ ತಿಳಿಯಬೇಕಾದರೆ ನಿಮ್ಮ ಸ್ವಸಹಾಯ ಸಂಘದ ಕಥೆಯನ್ನೇ ನೋಡಿ. ಮೈರಾಡ ಸಂಸ್ಥೆ 1968ರಲ್ಲಿ ಶುರುವಾಯಿತು. ಮೊದಲು ಮಾಡಿದ್ದು ನಮ್ಮ ರಾಜ್ಯಕ್ಕೆ ಬಂದ ಟಿಬೆಟ್ ನಿರಾಶ್ರಿತರಿಗೆ ನೆಲೆ ಕಲ್ಪಿಸುವ ಕೆಲಸ. ಆಮೇಲೆ ಹಳ್ಳಿಯ ಬಡವರ ನಡುವೆ ದೊಡ್ಡ ಸಹಕಾರ ಸಂಘಗಳ ಮೂಲಕ ಸಾಲ ಕೊಡಿಸಿದರು. 1984-85ರ ಹೊತ್ತಿಗೆ ಕೆಲವು ಸಹಕಾರ ಸಂಘಗಳು ಒಡೆದವು. ಸದಸ್ಯರು, "ದೊಡ್ಡ ಸಂಘದ ಮೇಲೆ ನಮಗೆ ನಂಬಿಕೆ ಇಲ್ಲ, ನಾವು ಪರಸ್ಪರ ನಂಬುವ ಹತ್ತು ಹದಿನೈದು ಜನ ಸೇರ್ತೀವಿ, ಸಾಲ ತೀರಿಸ್ತೀವಿ" ಎಂಬ ನಿಲುವಿಗೆ ಬಂದರು. ಸಂಸ್ಥೆಯವರು ಇದನ್ನು ಅಶಿಸ್ತು ಅಂತ ತಳ್ಳಿಹಾಕಲಿಲ್ಲ, ಕಿವಿಗೊಟ್ಟರು. ಮೈರಾಡದಲ್ಲಿ ಸ್ವಸಹಾಯ ಸಂಘ ಬೆಳೆದದ್ದು ಹಾಗೆ. 1987ರಲ್ಲಿ ನಬಾರ್ಡ್ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟು ಇದನ್ನು ಬೆಳೆಸಲು ನೆರವಾಯಿತು. 1992ರಲ್ಲಿ ದೇಶದಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ಮೊದಮೊದಲು ಬ್ಯಾಂಕ್ ಸಾಲ ಪಡೆದ ಸಂಘಗಳಲ್ಲಿ ನಮ್ಮ ಪಕ್ಕದ ಕೋಲಾರ ಜಿಲ್ಲೆಯ ಹೆಂಗಸರ ಸಂಘವೂ ಇತ್ತು. 2000-01ರಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಾಗ ಅದು ಪ್ರತಿ ಊರಿಗೂ ಬಂತು.

ಹೆಂಗಸರು ಹೇಳಿದ್ದನ್ನು ಕಾರ್ಯಕರ್ತರು ಕೇಳಿಸಿಕೊಂಡರು, ಯಾರೋ ಬರೆದಿಟ್ಟರು. ಬರೆದಿಟ್ಟದ್ದರಿಂದ ಬ್ಯಾಂಕಿನವರಿಗೂ ಸರ್ಕಾರಕ್ಕೂ ತೋರಿಸಲು ಆಯಿತು. ಬರೆಯದೆ ಹೋಗಿದ್ದರೆ ಅದು ಅಲ್ಲಲ್ಲೇ ನಡೆದು ಅಲ್ಲಲ್ಲೇ ಮುಗಿಯುತ್ತಿತ್ತು. ಹಳೆಯ ಕಾರ್ಯಕರ್ತರ ಬಳಗ ಬೇಕು, ಅದಕ್ಕೊಂದು ಪತ್ರಿಕೆ ಬೇಕು ಅಂತ ನಾವು ಹಟ ಹಿಡಿದಿರುವುದು ಇದೇ ಕಾರಣಕ್ಕೆ.

ಬೇರೆಯವರು ಏನು ಮಾಡಿದ್ದಾರೆ?

ಇದು ನಮ್ಮ ಹೊಸ ಯೋಚನೆ ಏನಲ್ಲ. ಮಕ್ಕಳಿಗಾಗಿ ಕೆಲಸ ಮಾಡುವ ಯುನಿಸೆಫ್ 1946ರಲ್ಲಿ ಹುಟ್ಟಿತು, 1949ರಿಂದ ನಮ್ಮ ದೇಶದಲ್ಲಿ ಇದೆ. ಅಲ್ಲಿ ದುಡಿದು ಹೊರಗೆ ಬಂದವರು ಒಂದು ಬಳಗ ಮಾಡಿಕೊಂಡಿದ್ದಾರೆ. ಬೇರೆ ಬೇರೆ ದೇಶದಲ್ಲಿರುವ ಹಳೆಯ ನೌಕರರೇ ಸ್ವಯಂಸೇವೆಯಿಂದ ಬರಹಗಳನ್ನು ಕೂಡಿಸಿ, ತಿದ್ದಿ, ಒಬ್ಬರಿಗೊಬ್ಬರು ತಲುಪಿಸುತ್ತಾರೆ. ಯಾರು ಎಲ್ಲಿದ್ದಾರೆ, ಯಾರು ತೀರಿಕೊಂಡರು, ಹಿಂದೆ ಒಂದು ಕೆಲಸ ಹೇಗೆ ನಡೆಯಿತು, ಈಗ ನಡೆಯುತ್ತಿರುವುದು ಸರಿಯೋ ತಪ್ಪೋ, ಇದೆಲ್ಲ ಅದರಲ್ಲಿ ಬರುತ್ತದೆ.

ಅಮೆರಿಕದ ಪೀಸ್ ಕೋರ್ ಹೆಸರು ನಿಮ್ಮ ಅಪ್ಪಂದಿರ ಕಾಲದವರಿಗೆ ಗೊತ್ತಿರಬಹುದು. 1961ರಿಂದ 1976ರವರೆಗೆ ಅದರ ಯುವಕ ಯುವತಿಯರು ನಮ್ಮ ದೇಶದಲ್ಲಿ ಕೋಳಿ ಸಾಕಣೆ, ಬೇಸಾಯ, ಆರೋಗ್ಯ ಅಂತ ಕೆಲಸ ಮಾಡಿದರು. ಅಮೆರಿಕದ ವಿಸ್ಕಾನ್ಸಿನ್ ಎಂಬ ರಾಜ್ಯದ ಮ್ಯಾಡಿಸನ್ ಊರಿನಲ್ಲಿ ಪೀಸ್ ಕೋರಿನಿಂದ ಮರಳಿದವರ ಒಂದು ಗುಂಪು ಇದೆ. ಅವರು 1980ರ ದಶಕದ ಕೊನೆಯಿಂದ ಪ್ರತಿ ವರ್ಷ ಒಂದು ಕ್ಯಾಲೆಂಡರ್ ತರುತ್ತಿದ್ದಾರೆ. ತಾವು ಕೆಲಸ ಮಾಡಿದ ದೇಶಗಳ ಚಿತ್ರ, ಹಬ್ಬ, ವಿಶೇಷ ದಿನಗಳನ್ನು ಹಾಕುತ್ತಾರೆ. ಮಾರಿ ಬಂದ ಲಾಭವನ್ನು ಹಂಚಿಕೊಳ್ಳದೆ ಸಣ್ಣ ಸಣ್ಣ ಅಭಿವೃದ್ಧಿ ಕೆಲಸಗಳಿಗೆ ಕೊಡುತ್ತಾರೆ.

ಇದನ್ನು ಓದಿದವರು ಮಾತ್ರ ಮಾಡಬಹುದು ಅಂದುಕೊಳ್ಳಬೇಡಿ. ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಲ್ಲಿ 1990ರ ದಶಕದಲ್ಲಿ ಮಹಿಳಾ ಸಮಖ್ಯಾ ಕಾರ್ಯಕ್ರಮದ ಹೆಂಗಸರು 'ಮಹಿಳಾ ಡಾಕಿಯಾ' ಎಂಬ ಸುದ್ದಿ ಹಾಳೆ ತಂದರು. ಡಾಕಿಯಾ ಅಂದರೆ ಅಂಚೆಯವನು. ಅವರಲ್ಲಿ ಹಲವರು ಆಗತಾನೆ ಓದು ಬರಹ ಕಲಿತವರು. ಅದು ನಿಂತು ಹೋಯಿತು. ಆದರೆ ಆ ಅನುಭವದ ಮೇಲೆ 2002ರಲ್ಲಿ ಚಿತ್ರಕೂಟದಲ್ಲಿ 'ಖಬರ್ ಲಹರಿಯಾ' ಎಂಬ ಪತ್ರಿಕೆ ಹುಟ್ಟಿತು. ಅದಕ್ಕೆ 2009ರಲ್ಲಿ ಯುನೆಸ್ಕೋದ ಸಾಕ್ಷರತಾ ಪ್ರಶಸ್ತಿ ಬಂತು. ಮುಂದೆ ಅದು ಹೆಂಗಸರೇ ವರದಿಗಾರರಾಗಿರುವ ಸುದ್ದಿ ಸಂಸ್ಥೆಯಾಗಿ ಬೆಳೆಯಿತು.

ಹತ್ತಿರದ ಉದಾಹರಣೆ ಬೇಕಾದರೆ ಬಂಗಾರಪೇಟೆ ತಾಲೂಕಿನ ಬೂದಿಕೋಟೆ ಇದೆ. 2000ದ ದಶಕದ ಆರಂಭದಲ್ಲಿ ಅಲ್ಲಿ 'ನಮ್ಮ ಧ್ವನಿ' ಎಂಬ ಊರ ರೇಡಿಯೋ ನಡೆಯಿತು. ಗಾಳಿಯಲ್ಲಿ ಬಿತ್ತರಿಸಲು ಆಗ ಅನುಮತಿ ಸಿಗುತ್ತಿರಲಿಲ್ಲ. ತಂತಿ ಎಳೆದು ಮನೆಗಳಿಗೆ ತಲುಪಿಸಿದರು. ಅದರ ಹಿಂದೆ ಇದ್ದವರು ನಿಮ್ಮಂತಹ ಸಂಘದ ಹೆಂಗಸರು ಮತ್ತು ಊರಿನ ಯುವಕ ಯುವತಿಯರು.

ನಾವು ನಡೆಸುವ ರೀತಿ

ನಮ್ಮ ಬಳಗದಲ್ಲಿ ನಾಲ್ಕು ಕೆಲಸ ಇದೆ, ನಾಲ್ಕಕ್ಕೂ ಬೇರೆ ಬೇರೆ ಜನ ಇದ್ದಾರೆ.

ಒಂದನೆಯದು ಪಟ್ಟಿ. ಒಂದು ದಪ್ಪ ರಿಜಿಸ್ಟರ್ ಪುಸ್ತಕ. ಹೆಸರು, ಯಾವ ಊರುಗಳಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಕೆಲಸ ಮಾಡಿದರು, ಈಗ ಎಲ್ಲಿದ್ದಾರೆ, ಫೋನ್ ನಂಬರ್. ಪಕ್ಕದಲ್ಲಿ ಇನ್ನೊಂದು ಕಾಲಂ ಇದೆ: "ನಂಬರನ್ನು ಬಳಗದ ಇತರರಿಗೆ ಕೊಡಬಹುದೇ?" ಹೌದು ಅಂದವರದ್ದು ಮಾತ್ರ ಕೊಡುತ್ತೇವೆ. ವರ್ಷಕ್ಕೊಮ್ಮೆ ಎಲ್ಲರಿಗೂ ಫೋನ್ ಮಾಡಿ ಪಟ್ಟಿ ಸರಿ ಮಾಡುತ್ತೇವೆ. ಸಿಮ್ ಬದಲಾಯಿಸುವವರು ಬಹಳ, ಹೀಗೆ ಮಾಡದಿದ್ದರೆ ಎರಡು ವರ್ಷದಲ್ಲಿ ಅರ್ಧ ಪಟ್ಟಿ ಸತ್ತು ಹೋಗುತ್ತದೆ. ಜೀಪಿನ ಡ್ರೈವರ್, ಅಡುಗೆ ಮಾಡುತ್ತಿದ್ದ ಅಮ್ಮ, ಕಚೇರಿ ಗುಡಿಸುತ್ತಿದ್ದವರು ಎಲ್ಲರ ಹೆಸರೂ ಅದರಲ್ಲಿದೆ. ದೊಡ್ಡ ಹುದ್ದೆಯವರದ್ದು ಮೇಲೆ, ಸಣ್ಣವರದ್ದು ಕೆಳಗೆ ಅಂತ ಇಲ್ಲ, ಅಕಾರಾದಿಯಲ್ಲಿ ಬರೆದಿದ್ದೇವೆ.

ಎರಡನೆಯದು ಸಂಪಾದನೆ. ಮೂರು ಜನ ಸಂಪಾದಕರು. ಪ್ರತಿ ವರ್ಷ ಒಬ್ಬರು ಬಿಡುತ್ತಾರೆ, ಹೊಸಬರು ಒಬ್ಬರು ಸೇರುತ್ತಾರೆ. ಹೀಗಾದರೆ ಕೆಲಸ ಗೊತ್ತಿರುವ ಇಬ್ಬರು ಯಾವಾಗಲೂ ಇರುತ್ತಾರೆ, ಯಾರೂ ಕುರ್ಚಿಗೆ ಅಂಟಿಕೊಳ್ಳುವುದಿಲ್ಲ. ನಿಮ್ಮ ಸಂಘದಲ್ಲಿ ಪ್ರತಿನಿಧಿ ಬದಲಾಗುವ ಹಾಗೇ.

ಮೂರನೆಯದು ಅಚ್ಚು ಮತ್ತು ಹಂಚಿಕೆ. ದೊಡ್ಡ ಹಾಳೆಯ ಎರಡೂ ಬದಿ ಜೆರಾಕ್ಸ್ ಮಾಡಿಸಿ ನಡುವೆ ಮಡಿಸಿದರೆ ನಾಲ್ಕು ಪುಟ ಆಗುತ್ತದೆ. ಮಾರುವ ಪತ್ರಿಕೆ ಅಲ್ಲ, ಬಳಗದ ಒಳಗಿನ ಸುತ್ತೋಲೆ. ಕೈಗೆ ಕೈ ಕೊಟ್ಟು ಕಳಿಸುತ್ತೇವೆ, ದೂರದವರಿಗೆ ಅಂಚೆ. "ಈಗ ಎಲ್ಲರ ಕೈಯಲ್ಲೂ ಫೋನ್ ಇದೆಯಲ್ಲ, ಕಾಗದ ಯಾಕೆ?" ಅಂತ ಕೇಳುತ್ತಾರೆ. ಫೋನಿನಲ್ಲಿ ಬಂದದ್ದು ಸಂಜೆಗೆ ಮೇಲೆ ಸರಿದು ಹೋಗುತ್ತದೆ. ಕಾಗದ ಟ್ರಂಕಿನಲ್ಲಿ ಉಳಿಯುತ್ತದೆ. ಕಣ್ಣು ಮಂಜಾದವರಿಗೆ ಮೊಮ್ಮಗಳು ಓದಿ ಹೇಳುತ್ತಾಳೆ.

ನಾಲ್ಕನೆಯದು ಹಣ. ಒಬ್ಬರಿಗೆ ವರ್ಷಕ್ಕೆ 100 ರೂಪಾಯಿ. ಕೊಡಲಾಗದವರಿಂದ ಕೇಳುವುದಿಲ್ಲ, ಯಾರು ಕೊಡಲಿಲ್ಲ ಅಂತ ಅಚ್ಚು ಹಾಕುವುದೂ ಇಲ್ಲ. ಎಷ್ಟು ಬಂತು, ಜೆರಾಕ್ಸಿಗೆ ಎಷ್ಟು, ಅಂಚೆಗೆ ಎಷ್ಟು, ಉಳಿದದ್ದು ಎಷ್ಟು ಅಂತ ಕೊನೆ ಪುಟದಲ್ಲಿ ಪ್ರತಿ ಸಲ ಹಾಕುತ್ತೇವೆ. ಹಣ ಇಟ್ಟುಕೊಳ್ಳುವವರು ಸಂಪಾದಕರಾಗಿರಬಾರದು ಎಂಬುದು ನಿಯಮ. ಬರೆಯುವ ಕೈ ಬೇರೆ, ಹಣ ಎಣಿಸುವ ಕೈ ಬೇರೆ.

ಪತ್ರಿಕೆಯಲ್ಲಿ ಏನಿರಬೇಕು, ಏನಿರಬಾರದು?

ಮೊದಲ ಪುಟದಲ್ಲಿ ಜನರ ಸುದ್ದಿ. ಯಾರ ಮಗಳಿಗೆ ಕೆಲಸ ಸಿಕ್ಕಿತು, ಯಾರಿಗೆ ಆಪರೇಷನ್ ಆಯಿತು, ಯಾರು ತೀರಿಕೊಂಡರು. ತೀರಿಕೊಂಡವರ ಬಗ್ಗೆ "ಸಮಾಜಕ್ಕೆ ತುಂಬಲಾರದ ನಷ್ಟ" ಅಂತ ಬರೆಯುವುದಿಲ್ಲ. ಅವರು ಯಾವ ಊರಿನಲ್ಲಿ ಏನು ಮಾಡಿದರು ಅಂತ ನಾಲ್ಕು ಸಾಲು ಬರೆಯುತ್ತೇವೆ. ಯಾವ ಕೆರೆ ಹೂಳು ತೆಗೆಸಿದರು, ಎಷ್ಟು ಸಂಘ ಕಟ್ಟಿದರು ಅನ್ನುವುದು ಅವರ ಮಕ್ಕಳಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ಎರಡನೇ ಪುಟದಲ್ಲಿ ಒಂದು ಅನುಭವ. ಬರೆಯಲು ಬರುವವರು ಬರೆದು ಕಳಿಸುತ್ತಾರೆ. ಬಾರದವರು ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ನಂದಗುಡಿ ಕಡೆ ಮನೆಯಲ್ಲಿ ತೆಲುಗು ಮಾತಾಡುವವರು ಬಹಳ ಇದ್ದೀರಿ. ತೆಲುಗಿನಲ್ಲಿ ಹೇಳಿದರೂ ಆಯಿತು, ಕನ್ನಡದಲ್ಲಿ ಬರೆದು ಅವರಿಗೇ ಓದಿ ಹೇಳುತ್ತೇವೆ. "ಹೌದು, ನಾನು ಹೇಳಿದ್ದು ಇದೇ" ಅಂದ ಮೇಲೆ ಅಚ್ಚಿಗೆ. ಉದ್ದವಾದರೆ ಕತ್ತರಿಸುತ್ತೇವೆ, ಆದರೆ ಅರ್ಥ ಬದಲಾಯಿಸುವುದಿಲ್ಲ. ಸಂಪಾದಕರ ಕೆಲಸ ಅಂದರೆ ಅಕ್ಕಿ ಆರಿಸುವ ಹಾಗೆ. ಕಲ್ಲು ತೆಗೆಯಬೇಕು, ಅಕ್ಕಿ ಚೆಲ್ಲಬಾರದು.

ಮೂರನೇ ಪುಟದಲ್ಲಿ ಉಪಯುಕ್ತ ಮಾಹಿತಿ. ಇಲ್ಲಿ ಬಹಳ ಜಾಗ್ರತೆ ಬೇಕು. ಒಂದು ಉದಾಹರಣೆ ಹೇಳುತ್ತೇವೆ. ಪ್ರಧಾನ ಮಂತ್ರಿ ಜೀವನ್ ಜ್ಯೋತಿ ವಿಮೆ 2015ರಲ್ಲಿ ಶುರುವಾದಾಗ ವರ್ಷಕ್ಕೆ 330 ರೂಪಾಯಿ ಇತ್ತು, ಸುರಕ್ಷಾ ವಿಮೆ 12 ರೂಪಾಯಿ. 2022ರ ಜೂನ್ 1ರಿಂದ ಅದು 436 ಮತ್ತು 20 ರೂಪಾಯಿ ಆಯಿತು. ಹಳೆಯ ಕರಪತ್ರ ನೋಡಿದವರು ಇವತ್ತೂ 330, 12 ಅಂತಲೇ ಹೇಳುತ್ತಾರೆ. ಖಾತೆಯಲ್ಲಿ ಅಷ್ಟೇ ಹಣ ಬಿಟ್ಟರೆ ಕಂತು ಕಟ್ಟಾಗುವುದಿಲ್ಲ, ವಿಮೆ ನಿಂತು ಹೋಗುತ್ತದೆ. ಮನೆಯಲ್ಲಿ ಸಾವಾದ ಮೇಲೆ ಬ್ಯಾಂಕಿಗೆ ಹೋದರೆ "ವಿಮೆ ಚಾಲ್ತಿಯಲ್ಲಿಲ್ಲ" ಅಂತಾರೆ. ಎರಡು ಲಕ್ಷ ರೂಪಾಯಿಯ ಮಾತು ಇದು. ಆದ್ದರಿಂದ ಯಾವ ಅಂಕಿಯನ್ನೇ ಆಗಲಿ ಬ್ಯಾಂಕಿನಲ್ಲೋ ಸಂಬಂಧಪಟ್ಟ ಕಚೇರಿಯಲ್ಲೋ ಕೇಳಿ, ಕೇಳಿದ ತಾರೀಖನ್ನೂ ಪಕ್ಕದಲ್ಲಿ ಹಾಕುತ್ತೇವೆ.

ನಾಲ್ಕನೇ ಪುಟದಲ್ಲಿ ಲೆಕ್ಕ, ಮುಂದಿನ ಸಭೆಯ ದಿನ, ಮತ್ತು "ಹುಡುಕುತ್ತಿದ್ದೇವೆ" ಎಂಬ ಅಂಕಣ. ಸಂಪರ್ಕ ತಪ್ಪಿದ ಹಳೆಯ ಸಹೋದ್ಯೋಗಿಗಳನ್ನು ಹುಡುಕುವುದು ಅಲ್ಲಿ. ಎಲ್ಲರೂ ಮೊದಲು ತೆಗೆದು ನೋಡುವುದು ಇದನ್ನೇ.

ಇನ್ನು ಇರಬಾರದ್ದು. ಜಾಹೀರಾತು ಇಲ್ಲ. ಪಕ್ಷದ ಪ್ರಚಾರ ಇಲ್ಲ. ಚೀಟಿ ವ್ಯವಹಾರದ ಮಾತಿಲ್ಲ. ಹಳೆಯ ಸಂಸ್ಥೆಯ ಮೇಲಿನ ಸಿಟ್ಟು ತೀರಿಸಿಕೊಳ್ಳಲು ಜಾಗ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮನ್ನು ನಂಬಿ ಹೆಂಗಸರು ಹೇಳಿಕೊಂಡ ಗುಟ್ಟು ಇಲ್ಲ. ಗಂಡ ಹೊಡೆದದ್ದು, ಕಾಯಿಲೆ, ಸಾಲ, ಮಗಳ ವಿಷಯ, ಇದನ್ನೆಲ್ಲ ಕಾರ್ಯಕರ್ತರ ಹತ್ತಿರ ಹೇಳಿರುತ್ತಾರೆ. ಕೆಲಸ ಬಿಟ್ಟರೂ ಆ ಗುಟ್ಟು ಬಿಡುವಂತಿಲ್ಲ. ಹೆಸರು ತೆಗೆದು ಬರೆದರೂ ಊರಿನವರಿಗೆ ಯಾರು ಅಂತ ತಿಳಿದೇ ತಿಳಿಯುತ್ತದೆ. ಅಂಥದ್ದು ಬಂದರೆ ಎಷ್ಟೇ ಚೆನ್ನಾಗಿದ್ದರೂ ಪಕ್ಕಕ್ಕೆ ಇಡುತ್ತೇವೆ.

ಬಳಗದ ಹೆಸರು ಮಾರಾಟಕ್ಕಿಲ್ಲ

ಇದು ನಿಮಗೆ ನೇರವಾಗಿ ಸಂಬಂಧಿಸಿದ ವಿಷಯ, ಸ್ವಲ್ಪ ಗಮನ ಕೊಟ್ಟು ಕೇಳಿ.

ಯೋಜನೆ ಮುಗಿದ ಮೇಲೆ ಹಳೆಯ ಕಾರ್ಯಕರ್ತರಿಗೂ ಹೊಟ್ಟೆ ಇದೆ. ಕೆಲವರು ಮೈಕ್ರೋ ಫೈನಾನ್ಸ್ ಕಂಪನಿಗಳಿಗೆ, ವಿಮೆಗೆ, ಚೀಟಿ ಕಂಪನಿಗಳಿಗೆ ಸೇರುತ್ತಾರೆ. ಕಂಪನಿಯವರಿಗೂ ಇಂಥವರೇ ಬೇಕು. ಏಕೆಂದರೆ ಊರಿನ ದಾರಿ ಗೊತ್ತು, ಸಂಘದ ಹೆಂಗಸರ ಪರಿಚಯ ಇದೆ. "ನಮ್ಮ ಮೇಡಂ ಬಂದವ್ರೆ" ಅಂತ ನೀವು ಚಾಪೆ ಹಾಸುತ್ತೀರಿ. ಹಿಂದೆ ಉಳಿತಾಯ ಮಾಡಿ ಅಂತ ಹೇಳಿದ ಅದೇ ಬಾಯಿ ಈಗ ಸಾಲ ತಗೊಳ್ಳಿ ಅನ್ನುತ್ತದೆ. ಮುಖ ಅದೇ, ಕೆಲಸ ಬೇರೆ.

ಆ ಕೆಲಸ ಮಾಡುವುದು ತಪ್ಪು ಅಂತ ನಾವು ಹೇಳುವುದಿಲ್ಲ. ಆದರೆ ನಂಬಿಕೆ ಹಳೆಯ ಕೆಲಸದ್ದು, ಅದನ್ನು ಹೊಸ ಕೆಲಸಕ್ಕೆ ಬಂಡವಾಳ ಮಾಡಿಕೊಳ್ಳಬಾರದು. ಅದಕ್ಕೇ ನಮ್ಮಲ್ಲಿ ಒಂದು ನಿಯಮ ಇದೆ. ಸಾಲ, ವಿಮೆ, ಚೀಟಿ ಕಂಪನಿಗಳಲ್ಲಿ ಇರುವವರು ಬಳಗದ ಸದಸ್ಯರಾಗಿರಬಹುದು, ಆದರೆ ಪಟ್ಟಿ ಇಟ್ಟುಕೊಳ್ಳುವಂತಿಲ್ಲ, ಸಂಪಾದಕರಾಗುವಂತಿಲ್ಲ, ಬಳಗದ ಹೆಸರು ಹೇಳಿ ವ್ಯವಹಾರ ಮಾಡುವಂತಿಲ್ಲ. ಯಾವುದೇ ಸಂಸ್ಥೆಯ ಹೆಸರಿನಲ್ಲಿ ಬಳಗದವರು ಊರಿನಲ್ಲಿ ಹಣ ಎತ್ತುವಂತೆಯೂ ಇಲ್ಲ.

ನೀವು ಮಾಡಬೇಕಾದದ್ದು ಒಂದೇ. ಹಳೆಯ ಪರಿಚಯದವರು ಬಂದು ಹಣದ ಮಾತೆತ್ತಿದರೆ, "ಮೇಡಂ, ಕಾಫಿ ಕುಡೀರಿ. ಈಗ ಯಾವ ಕಂಪನಿಯಿಂದ ಬಂದಿದ್ದೀರಿ? ಗುರುತಿನ ಚೀಟಿ ತೋರ್ಸಿ" ಅಂತ ಕೇಳಿ. ಮರ್ಯಾದೆಯೂ ಇರುತ್ತದೆ, ಜಾಗ್ರತೆಯೂ ಇರುತ್ತದೆ. ಸಾಲ ವಸೂಲಿಗೆ ಬಲವಂತ, ಕಿರುಕುಳ ಮಾಡುವುದನ್ನು ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನೇ ಬಂದಿದೆ. ಅಷ್ಟು ದೂರ ಹೋಗುವ ಮೊದಲೇ ಒಂದು ಪ್ರಶ್ನೆ ಕೇಳುವುದು ಒಳ್ಳೆಯದಲ್ಲವೇ?

ವಯಸ್ಸಾದ ಕಾರ್ಯಕರ್ತರ ಪಾಡು

ಬಳಗದಿಂದ ಆಗುವ ಇನ್ನೊಂದು ದೊಡ್ಡ ಉಪಕಾರ ಪಿಂಚಣಿಯದ್ದು. ಬೇರೆಯವರಿಗೆ ಉಳಿತಾಯ ಕಲಿಸಿದ ಎಷ್ಟೋ ಕಾರ್ಯಕರ್ತೆಯರಿಗೆ ತಮ್ಮ ಭವಿಷ್ಯ ನಿಧಿಯ ಲೆಕ್ಕವೇ ಗೊತ್ತಿರುವುದಿಲ್ಲ.

ಭವಿಷ್ಯ ನಿಧಿ ಕಟ್ಟುವ ಸಂಸ್ಥೆಯಲ್ಲಿ ಕೆಲಸ ಮಾಡಿದವರಿಗೆ 1995ರ ನೌಕರರ ಪಿಂಚಣಿ ಯೋಜನೆ ಅನ್ವಯಿಸುತ್ತದೆ. ಒಟ್ಟು 10 ವರ್ಷದ ಸೇವೆ ಇದ್ದರೆ 58 ವರ್ಷಕ್ಕೆ ತಿಂಗಳ ಪಿಂಚಣಿ ಬರುತ್ತದೆ. 2014ರಿಂದ ಕನಿಷ್ಠ ಪಿಂಚಣಿ 1,000 ರೂಪಾಯಿ. ಈ 10 ವರ್ಷ ಒಂದೇ ಸಂಸ್ಥೆಯಲ್ಲಿ ಆಗಿರಬೇಕಾಗಿಲ್ಲ. ಇಲ್ಲಿ ಮೂರು ವರ್ಷ, ಅಲ್ಲಿ ನಾಲ್ಕು ವರ್ಷ, ಇನ್ನೊಂದು ಕಡೆ ಮೂರು ವರ್ಷ ಆದರೂ ಕೂಡಿಸಬಹುದು. ಆದರೆ ಪ್ರತಿ ಸಲ ಕೆಲಸ ಬಿಟ್ಟಾಗ ಪಿಂಚಣಿಯ ಹಣವನ್ನೂ ವಾಪಸ್ ತೆಗೆದುಬಿಟ್ಟರೆ ಆ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ಖಾತೆಗಳನ್ನು ಒಂದೇ ಯುಎಎನ್ ನಂಬರಿಗೆ ಜೋಡಿಸಬೇಕು. ಹೆಸರಿನ ಒಂದು ಅಕ್ಷರ ಆಧಾರ್ ಜೊತೆ ಹೊಂದದಿದ್ದರೂ ಕೆಲಸ ನಿಲ್ಲುತ್ತದೆ.

ನಮ್ಮ ಬಳಗದ ಒಬ್ಬ ಅಕ್ಕ ಮೂರು ಸಂಸ್ಥೆಗಳಲ್ಲಿ ದುಡಿದವರು. ಒಂದೊಂದರಲ್ಲೂ 10 ವರ್ಷ ಆಗಲಿಲ್ಲ, ತನಗೆ ಪಿಂಚಣಿ ಇಲ್ಲ ಅಂತ ಸುಮ್ಮನಿದ್ದರು. ಪತ್ರಿಕೆಯ ಮೂರನೇ ಪುಟ ಓದಿ ಫೋನ್ ಮಾಡಿದರು. ಲೆಕ್ಕ ಬರೆಯುತ್ತಿದ್ದ ಹಳೆಯ ಸಹೋದ್ಯೋಗಿಯೊಬ್ಬರು ಜೊತೆಗೆ ಓಡಾಡಿ ಖಾತೆ ಕೂಡಿಸಿಕೊಟ್ಟರು. ಒಂದು ಸಂಸ್ಥೆ ಮುಚ್ಚಿ ಹೋಗಿತ್ತು, ಅಲ್ಲಿ ಕೆಲಸ ಮಾಡಿದ ದಾಖಲೆ ಹುಡುಕಲು ನಮ್ಮ ರಿಜಿಸ್ಟರಿನಲ್ಲಿದ್ದ ಇಸವಿಗಳು ನೆರವಾದವು. ಬರುವ ಹಣ ದೊಡ್ಡದಲ್ಲ. ಆದರೆ ಮಾತ್ರೆಗೆ ಮಗನ ಹತ್ತಿರ ಕೈ ಚಾಚುವುದು ತಪ್ಪಿತು ಅಂತ ಅವರು ಹೇಳುತ್ತಾರೆ.

ತಾಪತ್ರಯಗಳು

ಎಲ್ಲ ಸುಸೂತ್ರ ಅಂದುಕೊಳ್ಳಬೇಡಿ. ಮೊದಲ ತಾಪತ್ರಯ, ಎಲ್ಲರೂ ಓದುತ್ತಾರೆ, ಬರೆಯುವವರು ಕಡಿಮೆ. "ಬರೆದು ಕಳಿಸಿ" ಅಂದರೆ ಯಾರೂ ಕಳಿಸುವುದಿಲ್ಲ. ಅದಕ್ಕೆ ನಾವು ಒಬ್ಬೊಬ್ಬರಿಗೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತೇವೆ: "ನೀವು ಮೊದಲನೇ ಸಂಘ ಕಟ್ಟಿದ್ದು ಯಾವ ಊರಲ್ಲಿ, ಹೇಗೆ?" ಆಮೇಲೆ ಮಾತು ತಾನಾಗಿ ಬರುತ್ತದೆ.

ಎರಡನೆಯದು, ಕೆಲಸವೆಲ್ಲ ಇಬ್ಬರ ತಲೆ ಮೇಲೆ ಬೀಳುವುದು. ಸಂಬಳ ಇಲ್ಲದ ಕೆಲಸದಲ್ಲಿ ಇದು ಯಾವಾಗಲೂ ಇದ್ದದ್ದೇ. ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿದರೆ ಕೈಗಳು ಸಿಗುತ್ತವೆ. "ಸಂಪಾದಕರಾಗಿ" ಅಂದರೆ ಹಿಂದೆ ಸರಿಯುವವರು "ಹತ್ತು ಜನಕ್ಕೆ ಫೋನ್ ಮಾಡಿ" ಅಂದರೆ ಮಾಡುತ್ತಾರೆ.

ಮೂರನೆಯದು, ಒಂದೇ ಘಟನೆಯನ್ನು ಇಬ್ಬರು ಎರಡು ಥರ ಹೇಳುವುದು. ಆ ಕೆರೆ ಕೆಲಸ ನನ್ನಿಂದ ಆಯಿತು ಅಂತ ಒಬ್ಬರು, ನನ್ನಿಂದ ಅಂತ ಇನ್ನೊಬ್ಬರು. ಆಗ ಇಬ್ಬರ ಮಾತನ್ನೂ ಪಕ್ಕ ಪಕ್ಕ ಹಾಕುತ್ತೇವೆ, ಆ ಊರಿನ ಸಂಘದವರನ್ನೂ ಕೇಳಿ ಅವರ ಮಾತನ್ನೂ ಹಾಕುತ್ತೇವೆ. ಎಷ್ಟೋ ಸಲ ಸರಿಯಾದ ನೆನಪು ಇರುವುದು ಅವರಿಗೇ.

ನೀವು ಏನು ಮಾಡಬಹುದು?

ನಿಮ್ಮ ಸಂಘಗಳಿಗೂ ಈಗ ವಯಸ್ಸಾಗಿದೆ. ಸ್ತ್ರೀಶಕ್ತಿ ಕಾಲದಲ್ಲಿ ಶುರುವಾದ ಸಂಘಗಳಿಗೆ 25 ವರ್ಷ ಆಯಿತು. ಮೊದಲ ಪ್ರತಿನಿಧಿಗಳು ಅಜ್ಜಿಯರಾಗಿದ್ದಾರೆ, ಕೆಲವರು ಇಲ್ಲವಾಗಿದ್ದಾರೆ. ನಡಾವಳಿ ಪುಸ್ತಕಗಳು ಎಲ್ಲಿವೆ? ಗೆದ್ದಲು ಹಿಡಿದಿದೆಯೋ, ಒಲೆಗೆ ಹೋಯಿತೋ?

ಈ ನಂದಗುಡಿ ಹೋಬಳಿಯನ್ನೇ ನೋಡಿ. 2006ರ ನಂತರ ಇಲ್ಲಿ 12 ಸಾವಿರ ಎಕರೆಗೂ ಹೆಚ್ಚು ಜಮೀನಿನಲ್ಲಿ ವಿಶೇಷ ಆರ್ಥಿಕ ವಲಯ ಮಾಡುವ ಮಾತು ಬಂತು. ರೈತರು ವಿರೋಧಿಸಿದರು, ಅದು ಆಗಲಿಲ್ಲ. ರೈತರು ಏನು ಮಾಡಿದರು ಅಂತ ದಿನಪತ್ರಿಕೆಗಳಲ್ಲಿ ಬಂತು. ಆ ದಿನಗಳಲ್ಲಿ ನಿಮ್ಮ ಸಂಘದ ಸಭೆಗಳಲ್ಲಿ ಏನು ಮಾತಾಯಿತು, ಜಮೀನು ಹೋಗುತ್ತದೆ ಅನ್ನುವ ಹೆದರಿಕೆಯಲ್ಲಿ ಯಾರು ಹಸು ಮಾರಿದರು, ಯಾರು ಮಗಳ ಮದುವೆ ಮುಂದೆ ಹಾಕಿದರು, ಇದನ್ನು ಯಾರು ಬರೆದಿದ್ದಾರೆ? ಅದನ್ನು ಕಂಡವರು ಈ ಸಭೆಯಲ್ಲೇ ಇರಬಹುದು. ಕೇಳಿದರೆ ಹೇಳುತ್ತೀರಿ, ಕೇಳದೆ ಇದ್ದರೆ ನಿಮ್ಮ ಜೊತೆಗೇ ಹೋಗುತ್ತದೆ.

ಆದ್ದರಿಂದ ಊರಿಗೆ ಹೋದ ಮೇಲೆ ಮೂರು ಕೆಲಸ ಮಾಡಿ.

1. ನಿಮ್ಮ ಸಂಘದ ಹಳೆಯ ಸದಸ್ಯರು, ಹಳೆಯ ಪ್ರತಿನಿಧಿಗಳು, ನಿಮ್ಮ ಊರಿಗೆ ಬರುತ್ತಿದ್ದ ಕಾರ್ಯಕರ್ತರು, ಇವರ ಒಂದು ಪಟ್ಟಿ ಮಾಡಿ. ಹೆಸರು, ಇಸವಿ, ಊರು, ಒಪ್ಪಿದರೆ ಫೋನ್ ನಂಬರ್. ಮುಂದಿನ ವಾರದ ಸಭೆಯಲ್ಲೇ ಶುರು ಮಾಡಬಹುದು.

2. ಹಳೆಯ ನಡಾವಳಿ ಪುಸ್ತಕ, ಪಾಸ್‌ಬುಕ್, ಫೋಟೋಗಳನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಇಡಿ. ಬೇವಿನ ಎಲೆ ಹಾಕಿ. ಪೆಟ್ಟಿಗೆ ಯಾರ ಮನೆಯಲ್ಲಿದೆ ಅಂತ ಈಗಿನ ನಡಾವಳಿಯಲ್ಲಿ ಬರೆಯಿರಿ.

3. ಓದು ಬರಹ ಚೆನ್ನಾಗಿ ಬರುವ ಮೂವರನ್ನು ಒಕ್ಕೂಟದಿಂದ ಆರಿಸಿ. ಒಬ್ಬರಾದರೂ ಹೊಸ ತಲೆಮಾರಿನ ಹುಡುಗಿ ಇರಲಿ. ಮೂರು ತಿಂಗಳಿಗೊಂದು ಹಾಳೆ, ಅಷ್ಟೇ. ನಾಲ್ಕು ಪುಟ ಆಗದಿದ್ದರೆ ಎರಡು ಪುಟ. ಮೊದಲ ಸಂಚಿಕೆಗೆ ನಾವು ಬಂದು ಜೊತೆಗೆ ಕೂತು ಕಲಿಸಿಕೊಡುತ್ತೇವೆ. ಎರಡನೆಯದಕ್ಕೆ ಪಕ್ಕದಲ್ಲಿ ಕೂತು ನೋಡುತ್ತೇವೆ. ಮೂರನೆಯದನ್ನು ನೀವೇ ಮಾಡಬೇಕು.

ಸಂಘದ ಹಣಕ್ಕೆ ಲೆಕ್ಕ ಇಡುವುದನ್ನು ನೀವು ಚೆನ್ನಾಗಿ ಕಲಿತಿದ್ದೀರಿ. ಒಂದು ರೂಪಾಯಿ ಹೆಚ್ಚು ಕಡಿಮೆ ಆದರೂ ರಾತ್ರಿವರೆಗೆ ಕೂತು ಹುಡುಕುತ್ತೀರಿ. ಜನರ ಲೆಕ್ಕವನ್ನೂ ಹಾಗೇ ಇಡೋಣ. ಯಾರು ಬಂದರು, ಏನು ಮಾಡಿದರು, ಈಗ ಎಲ್ಲಿದ್ದಾರೆ ಅನ್ನುವುದಕ್ಕೂ ಒಂದು ಪುಸ್ತಕ ಇರಲಿ.

ಪಟ್ಟಿಗೆ ಹೆಸರು ಕೊಡುವವರು, ನಿಮ್ಮ ಊರಿನಲ್ಲಿ ಕೆಲಸ ಮಾಡಿದ ಕಾರ್ಯಕರ್ತರ ಸುಳಿವು ಇರುವವರು ಊಟಕ್ಕೆ ಹೋಗುವ ಮುಂಚೆ ಇಲ್ಲಿ ಮೇಜಿನ ಹತ್ತಿರ ಬನ್ನಿ. ರಿಜಿಸ್ಟರ್ ತಂದಿದ್ದೇವೆ.